ಆಯದ ಡಾಕ್ಟರು

ಕಲಬುರಗಿಯ ಗಾಜಿಪುರ ಬಡಾವಣೆಯ ಡಾಕ್ಟರ್ ಮುಕುಂದರಾಯರ ಕೈಗುಣವೂ ಒಳ್ಳೆಯದು, ಮಾತೂ ಒಳ್ಳೆಯದು. ಆದರೆ ಅಲ್ಲಿನ ಜನ ಕೈಗೆ ದುಡ್ಡು ಕೊಡುತ್ತಿದ್ದರೇ ಹೊರತು ಮಾತಿಗೆ ಕೊಡುತ್ತಿರಲಿಲ್ಲ. ಸೂಜಿ ಚುಚ್ಚಿದರೆ ಐದು ರೂಪಾಯಿ, ಚುಚ್ಚದಿದ್ದರೆ ಒಂದು ನಮಸ್ಕಾರ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಟ್ಟ ಕಾನೂನಾಗಿದ್ದರೆ ಜನ ಮುರಿಯುತ್ತಿದ್ದರು, ಇದನ್ನು ಮಾತ್ರ ಒಬ್ಬರೂ ತಪ್ಪುತ್ತಿರಲಿಲ್ಲ.

ದವಾಖಾನೆ ತೆರೆದ ಹೊಸತರಲ್ಲಿ ನೆಹರು ಗಂಜ್ ಮಾರುಕಟ್ಟೆಯ ದಲಾಲರೊಬ್ಬರು ಕೆಮ್ಮುತ್ತ ಬಂದಿದ್ದರು. ಮುಕುಂದರಾಯರು ಎದೆಗೆ ಕೊಳವೆ ಹಚ್ಚಿ ನೋಡಿ, ಇದಕ್ಕೆಲ್ಲ ಸಿಗರೇಟೇ ಮೂಲ ಎಂದು ಅರ್ಧ ಗಂಟೆ ಬಿಡಿಸಿ ಬಿಡಿಸಿ ಹೇಳಿದರು. ದಲಾಲರು ತಲೆದೂಗುತ್ತ ಕೇಳಿದರು. "ಭಾಳ ಛಲೋ ಮಾತಾಡ್ತೀರಿ ಸಾಹೇಬ್ರ, ಪ್ರವಚನ ಕೇಳಿದಂಗಾತು" ಎಂದು ಕೈಮುಗಿದು ಎದ್ದು ಹೋದರು. ನೇರ ಮುಂದಿನ ಗಲ್ಲಿಯ ಡಾಕ್ಟರ ಬಳಿ ಹೋಗಿ ಸೂಜಿ ಮಾಡಿಸಿಕೊಂಡು ಹತ್ತು ರೂಪಾಯಿ ಕೊಟ್ಟರೆಂಬ ಸುದ್ದಿಯನ್ನು ಸಂಜೆಯೊಳಗೆ ಕಂಪೌಂಡರ್ ಮಕ್ಬೂಲ್ ತಂದ.

"ಸಾಬ್, ಮಾತು ಅಂದ್ರ ಪುಕ್ಕಟೆ ಮಾಲು. ಪುಕ್ಕಟೆ ಮಾಲಿಗಿ ಯಾರು ಕಿಮ್ಮತ್ತು ಕೊಡ್ತಾರ?" ಎಂದ ಮಕ್ಬೂಲ್, ಕುದಿಯುವ ನೀರಿನಿಂದ ಸೂಜಿಗಳನ್ನು ಚಿಮಟಿಗೆಯಲ್ಲಿ ಎತ್ತುತ್ತ. "ಮಾತಾಡ್ರಿ, ನಾ ಬ್ಯಾಡ ಅನ್ನಲ್ಲ. ಸಂಗಾಟ ಒಂದು ಸೂಜಿನೂ ಹಚ್ರಿ."

ಹಾಗೆ ಬಂದದ್ದು ಕೆಂಪು ಸೂಜಿ. ಅದು ಬರೀ ಜೀವಸತ್ವದ ನೀರು. ಯಾರಿಗೂ ಕೆಡುಕು ಮಾಡುವಂಥದ್ದಲ್ಲ, ಬಹಳ ಜನಕ್ಕೆ ಒಳಿತು ಮಾಡುವಂಥದ್ದೂ ಅಲ್ಲ. ಬಣ್ಣ ಮಾತ್ರ ದಾಸವಾಳದ್ದು. ನೋಡಿದ ಕೂಡಲೇ ರೋಗಿಗೆ ಅರ್ಧ ಗುಣವಾಗುತ್ತಿತ್ತು. ದುಡ್ಡು ತನ್ನ ಮಾತಿಗೆ, ಸೂಜಿ ಬರೀ ನೆಪ ಎಂದು ಮುಕುಂದರಾಯರು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಓದಿದವರು ತಮಗೆ ತಾವು ಸಮಾಧಾನ ಹೇಳಿಕೊಳ್ಳುವುದರಲ್ಲಿ ಭಾರಿ ಹುಷಾರು.

ತಾಯಿ ಮಥುರಾಬಾಯಿಯವರಿಗೆ ಇದು ಸರಿಬರಲಿಲ್ಲ. ದವಾಖಾನೆ ಮನೆಯ ಹೊರಗಿನ ಕೋಣೆಯಲ್ಲೇ ಇದ್ದದ್ದರಿಂದ ಒಳಗೆ ಕೂತು ಬತ್ತಿ ಹೊಸೆಯುತ್ತಲೇ ಅವರು ಎಲ್ಲ ರೋಗಿಗಳ ಕಥೆಯನ್ನೂ ಕೇಳಿಸಿಕೊಳ್ಳುತ್ತಿದ್ದರು.

"ನಿಮ್ಮಪ್ಪ ಮಂತ್ರಾ ಹೇಳಿ ದಕ್ಷಿಣಿ ತಗೋತಿದ್ರು. ನೀ ಚುಚ್ಚಿ ತಗೋತಿ" ಎಂದರು ಒಮ್ಮೆ.

"ಅವರ ಮಾತಿಗೆ ಜನ ಕೊಡ್ತಿದ್ರು ಅವ್ವಾ. ನನ್ನ ಮಾತಿಗೆ ಕೊಡಂಗಿಲ್ಲ."

"ಮಂತ್ರಾ ಯಾರಿಗೂ ತಿಳೀತಿರಲಿಲ್ಲ, ಅದಕ್ಕ ಕೊಡ್ತಿದ್ರು. ನಿನ್ನ ಮಾತು ತಿಳೀತದ. ತಿಳಿಯೂ ಮಾತಿಗೆ ಯಾರ್ಯಾಕ ಕೊಡ್ತಾರ?"

ಮುಕುಂದರಾಯರು ಎದ್ದು ಹೊರಗೆ ಹೋಗಿ ಮುಂದಿನ ರೋಗಿಯನ್ನು ಕರೆದರು.

ಹೀಗೆ ನಡೆದಿರುವಾಗ, ೧೯೮೬ರ ಯುಗಾದಿ ಕಳೆದ ಮೇಲೆ, ಕಮಲಾಪುರದಿಂದ ದೇವಿಂದ್ರಪ್ಪ ಬಂದ. ಐವತ್ತರ ಆಸುಪಾಸಿನ ಆಳು, ಕೆಂಪು ಬಾಳೆಯ ತೋಟದವನು. ನೂರು ಹೆಜ್ಜೆ ನಡೆದರೆ ಮೀನಖಂಡ ಹಿಡಿಯುತ್ತದೆ, ಕೂತರೆ ಬಿಡುತ್ತದೆ ಎಂದ. ಎಡಗಾಲಿನ ಕಿರುಬೆರಳು ಕಪ್ಪಾಗತೊಡಗಿತ್ತು. ಮುಕುಂದರಾಯರಿಗೆ ನೋಡಿದ ಕೂಡಲೇ ಗೊತ್ತಾಯಿತು. ಬೀಡಿಯ ಹೊಗೆಗೆ ಕಾಲಿನ ರಕ್ತನಾಳ ಮುಚ್ಚಿಕೊಳ್ಳುತ್ತ ಬರುವ ರೋಗ ಅದು. ಬೀಡಿ ಬಿಟ್ಟರೆ ಕಾಲು ಉಳಿಯುತ್ತದೆ, ಬಿಡದಿದ್ದರೆ ತುಂಡುತುಂಡಾಗಿ ಹೋಗುತ್ತದೆ, ನಡುವೆ ಮೂರನೆಯ ದಾರಿಯೇ ಇಲ್ಲ. ಇದನ್ನೇ ಅವನಿಗೆ ಹೇಳಿದರು. ಹೇಳಿ, ರೂಢಿಯಂತೆ ಕೆಂಪು ಸೂಜಿಯನ್ನೂ ಚುಚ್ಚಿದರು.

ದೇವಿಂದ್ರಪ್ಪ ಗುರುವಾರದಿಂದ ಗುರುವಾರಕ್ಕೆ ತಪ್ಪದೆ ಬರತೊಡಗಿದ. ಇಂಥ ನೇಮದ ರೋಗಿಯನ್ನು ಡಾಕ್ಟರರು ಕಂಡಿರಲಿಲ್ಲ. "ಬೀಡಿ?" ಎಂದರೆ "ಆಯ್ತು ಬಿಡ್ರಿ ಸಾಹೇಬ್ರ" ಎನ್ನುತ್ತಿದ್ದ, ತೋಳು ಚಾಚುತ್ತಿದ್ದ, ಐದು ರೂಪಾಯಿ ಇಟ್ಟು ಹೋಗುತ್ತಿದ್ದ. ಆದರೆ ಬೆರಳು ಮಾತ್ರ ವಾರದಿಂದ ವಾರಕ್ಕೆ ಕಪ್ಪಾಗುತ್ತಲೇ ಬಂತು. ಏಳನೆಯ ಗುರುವಾರ ಮುಕುಂದರಾಯರು ಸೂಜಿಯನ್ನು ಕೈಯಲ್ಲಿ ಹಿಡಿದೇ ಕೇಳಿದರು.

"ಖರೆ ಹೇಳ್ರಿ ದೇವಿಂದ್ರಪ್ಪ, ದಿನಾ ಎಷ್ಟು ಸೇದ್ತೀರಿ?"

"ಮೊದಲ ಒಂದು ಕಟ್ಟು ಸೇದ್ತಿದ್ದೆರೀ. ಈಗ ಎರಡು."

"ಎರಡಾ? ಹೆಚ್ಚು ಮಾಡೀರಿ?"

"ಮತ್ತ ಸೂಜಿ ಅದಲ್ರೀ!" ದೇವಿಂದ್ರಪ್ಪನಿಗೆ ಡಾಕ್ಟರರ ದಡ್ಡತನವೇ ಸೋಜಿಗ. "ವಾರದ ಹೊಗಿ ಎಲ್ಲಾ ಗುರುವಾರ ತೊಳದು ಹೋಗ್ತದ. ಮೊದಲ ಅಂಜಿ ಅಂಜಿ ಸೇದ್ತಿದ್ದೆ, ಈಗ ರೊಕ್ಕಾ ಕೊಟ್ಟೀನಿ. ಬುಧವಾರ ಅಂತೂ ಜರಾ ಕೈ ಬಿಟ್ಟೇ ಸೇದ್ತೀನಿ. ಹೆಂಗೂ ನಾಳಿ ಸೂಜಿ."

ಮಕ್ಬೂಲ್ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದ. ಮುಕುಂದರಾಯರಿಗೆ ನಗು ಬರಲಿಲ್ಲ. ತಾನು ಮಾತಿಗೆ ದುಡ್ಡು ತೆಗೆದುಕೊಳ್ಳುತ್ತಿದ್ದೇನೆ ಎಂದು ಅವರು ತಿಳಿದಿದ್ದರು. ಅವನು ಮಾತ್ರ ವಾರಕ್ಕೆ ಐದು ರೂಪಾಯಿ ಕೊಟ್ಟು ಬೀಡಿ ಸೇದುವ ಪರವಾನಗಿ ಕೊಂಡು ಹೋಗುತ್ತಿದ್ದ. ಆ ಬೆರಳನ್ನು ಕಪ್ಪು ಮಾಡಿದ್ದರಲ್ಲಿ ಬೀಡಿಯ ಜೊತೆ ತನ್ನ ಕೈಯೂ ಇತ್ತು ಎಂದು ಅವರಿಗೆ ಅನ್ನಿಸಿತು. ಸೂಜಿಯನ್ನು ತಟ್ಟೆಯಲ್ಲಿಟ್ಟು, ಇನ್ನು ಮೇಲೆ ಇದು ಯಾರಿಗೂ ಇಲ್ಲ ಎಂದರು.

"ಸೂಜಿ ಇಲ್ಲಂದ್ರ ನಾ ಯಾಕ ಬರ್ಲಿ?" ಎಂದು ದೇವಿಂದ್ರಪ್ಪ ಎದ್ದ.

ಮಳೆಗಾಲದಲ್ಲಿ ದೊಡ್ಡ ಆಸ್ಪತ್ರೆಯ ಸರ್ಜನ್ ಆ ಕಿರುಬೆರಳನ್ನು ತೆಗೆದರು. ಬೀಡಿ ನಿಲ್ಲದಿದ್ದರೆ ಮುಂದೆ ಪಾದ, ಅದರ ಮುಂದೆ ಮೊಣಕಾಲು ಎಂದು ಅವರೂ ಹೇಳಿ ಕಳಿಸಿದರು. ಇದನ್ನು ಕೇಳಿದ ಮೇಲೆ ಮುಕುಂದರಾಯರಿಗೆ ಊಟ ರುಚಿಸಲಿಲ್ಲ. ಶ್ರಾವಣದ ಒಂದು ಭಾನುವಾರ ಬೀದರ ಕಡೆಯ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೇಬಿಟ್ಟರು. ಡಾಕ್ಟರು ರೋಗಿಯನ್ನು ಹುಡುಕಿಕೊಂಡು ಬಸ್ಸಿನಲ್ಲಿ ಬರುವುದೆಂದರೆ ಬಾವಿಯೇ ಬಾಯಾರಿದವನ ಬಳಿ ನಡೆದು ಬಂದಂತೆ. ಊರವರು ಎದ್ದು ನಿಂತು ನೋಡಿದರು.

ದೇವಿಂದ್ರಪ್ಪ ಕಟ್ಟೆಯ ಮೇಲೆ ಪಟ್ಟಿ ಕಟ್ಟಿದ ಕಾಲು ಚಾಚಿ ಗಡ್ಡ ಮಾಡಿಸಿಕೊಳ್ಳುತ್ತಿದ್ದ. ಕಿವಿಯ ಮೇಲೆ ಬೀಡಿ ಇತ್ತು. ಡಾಕ್ಟರರು ಪಕ್ಕದಲ್ಲಿ ಕೂತರು. ಊರಿನ ಕ್ಷೌರಿಕ ಕೆಲಸ ಮುಗಿಸಿ, ಕತ್ತಿ ಒರೆಸಿ, ದುಡ್ಡು ಕೇಳದೆ ಪೆಟ್ಟಿಗೆ ಎತ್ತಿಕೊಂಡ.

"ರೊಕ್ಕಾ?" ಎಂದರು ಮುಕುಂದರಾಯರು.

"ನಾ ಆಯದವರೀ. ರಾಶಿ ಆದಾಗ ಇವರ ಕಣಕ್ಕ ಹೋಗಿ ನನ್ನ ಪಾಲಿನ ಜ್ವಾಳ ತಗೋತೀನಿ. ವರ್ಷ ಪೂರ್ತಿ ಗಡ್ಡ ನಂದೇ ಜಿಮ್ಮೇದಾರಿ" ಎಂದ ಕ್ಷೌರಿಕ. ಆಮೇಲೆ ತಾನಾಗಿಯೇ ನಕ್ಕ. "ನಿಮ್ಮ ಕಲಬುರಗಿ ಕಟಿಂಗ್ ಅಂಗಡಿಯವರು ಮಂದಿ ಗಡ್ಡ ಭರಾಭರಾ ಬೆಳೀಲಿ ಅಂತ ದೇವರಿಗಿ ಕೈ ಮುಗೀತಾರ. ನಾ ಸಾವಕಾಶ ಬೆಳೀಲಪ್ಪಾ ಅಂತ ಮುಗೀತೀನಿ."

ಕ್ಷೌರಿಕ ಹೋದ ಮೇಲೂ ಡಾಕ್ಟರರು ಅವನ ಆ ಕೊನೆಯ ಮಾತನ್ನೇ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದರು. ದೇವಿಂದ್ರಪ್ಪ ಬೀಡಿಗೆ ಕೈ ಹಾಕಿದಾಗ ಅವರಿಗೆ ಎಚ್ಚರವಾಯಿತು.

"ದೇವಿಂದ್ರಪ್ಪ, ನನಗೂ ಆಯ ಕೊಡ್ತೀರೇನು?"

"ಡಾಕ್ಟರಿಗಿ ಆಯ?"

"ಬ್ಯಾರೆ ಏನೂ ಬ್ಯಾಡ. ಈಗ ಒಂದು ಬಾಳಿ ಸಸಿ ಹಚ್ರಿ. ಅದರ ಗೊನಿ ನಂದು."

"ಕೆಂಪು ಬಾಳಿ ಗೊನಿ ಬರಲಾಕ ಒಂದೂವರಿ ವರ್ಷ ಬೇಕ್ರೀ."

"ಬೇಕಾಗ್ಲಿ. ಅಲ್ಲೀತನಕ ನಿಮ್ಮ ಕಾಲು ನನ್ನ ಜಿಮ್ಮೇದಾರಿ. ಒಂದೇ ಕರಾರು. ನೀವು ಎರಡೂ ಕಾಲ ಮ್ಯಾಲ ನಿಂತು ಕೊಟ್ರ ತಗೋತೀನಿ. ಇಲ್ಲಂದ್ರ ನನಗ ಒಂದು ಹಣ್ಣೂ ಬ್ಯಾಡ."

ದೇವಿಂದ್ರಪ್ಪ ಬೀಡಿಯನ್ನು ಬೆರಳಲ್ಲಿ ಹೊರಳಿಸುತ್ತ ಲೆಕ್ಕ ಹಾಕಿದ. "ಅಂದ್ರ, ನನ್ನ ಕಾಲು ಹೋದ್ರ ನಿಮಗೂ ಲುಕ್ಸಾನು?"

"ಹೂಂ."

"ಸೂಜಿ ಮಾಡ್ತಿದ್ರಲ್ಲ, ಆವಾಗ?"

ಮುಕುಂದರಾಯರು ನೆಲ ನೋಡಿದರು. "ಆವಾಗ ಲುಕ್ಸಾನು ನಿಮ್ಮೊಬ್ಬರದೇ ಇತ್ತು" ಎಂದರು.

ದೇವಿಂದ್ರಪ್ಪ ಬೀಡಿಯನ್ನು ಮತ್ತೆ ಕಿವಿಯ ಮೇಲೆ ಸಿಕ್ಕಿಸಿ ಎದ್ದ. ಕುಂಟುತ್ತ ತೋಟಕ್ಕೆ ಕರೆದುಕೊಂಡು ಹೋಗಿ, ಅಂದೇ ಒಂದು ಸಸಿ ನೆಟ್ಟ. ಕಾಲಿನ ಪಟ್ಟಿಯಿಂದ ಬಿಳಿ ಬಟ್ಟೆಯ ಒಂದು ಎಳೆ ಹರಿದು ಅದರ ಕುತ್ತಿಗೆಗೆ ಕಟ್ಟಿ, "ಇದು ಡಾಕ್ಟರ್ ಗಿಡ" ಎಂದ.

ಆಯ ಎಂದರೇನು ಎಂಬುದನ್ನು ಮುಕುಂದರಾಯರು ಅರ್ಧವೇ ತಿಳಿದಿದ್ದರು. ಆಯ ಕೊಡುವವನು ಕರೆದಾಗಲೆಲ್ಲ ಆಯದವನು ಓಗೊಡಬೇಕು. ಡಾಕ್ಟರರನ್ನು ಊರಿಗೆ ಕರೆಸುವುದು ಮರ್ಯಾದೆಯಲ್ಲ ಎಂದು ದೇವಿಂದ್ರಪ್ಪ ತಾನೇ ಬರತೊಡಗಿದ. ಗುರುವಾರ ಬಂದ, ಶುಕ್ರವಾರ ಬಂದ, ಶನಿವಾರ ಎರಡು ಸಲ ಬಂದ. ಸರದಿಯಲ್ಲಿ ಕೂತವರು ಗೊಣಗಿದರೆ "ನಾ ಆಯದ ಮನಿಯವ" ಎಂದು ಒಳಗೆ ನುಗ್ಗುತ್ತಿದ್ದ.

"ಬೀಡಿ ನೆನಪಾತ್ರೀ. ಅದಕ್ಕ ಬಂದೆ. ಏನರ ಹೇಳ್ರಿ."

ಹೇಳದೆ ಉಪಾಯವಿರಲಿಲ್ಲ. ವಿಚಿತ್ರವೆಂದರೆ, ಸೂಜಿಯ ಕಾಲದಲ್ಲಿ ಕೇಳಲು ಪುರಸೊತ್ತು ಸಿಗದಿದ್ದ ಪ್ರಶ್ನೆಗಳನ್ನು ಡಾಕ್ಟರರು ಈಗ ಕೇಳತೊಡಗಿದರು. ಯಾವ ಹೊತ್ತಿನಲ್ಲಿ ನೆನಪಾಗುತ್ತದೆ, ಎಲ್ಲಿ ಕೂತಾಗ, ಯಾರ ಜೊತೆ? ಕೆದಕಿ ಕೆದಕಿ ಕೇಳಿದಾಗ ಮೂಲ ಸಿಕ್ಕಿತು. ರೊಟ್ಟಿ ತಿಂದ ಮೇಲಿನ ಬೀಡಿ ಒಂದೇ ಒಂದು. ಉಳಿದವೆಲ್ಲ ಕರೆಂಟಿನವು. ತೋಟಕ್ಕೆ ನೀರು ಬಿಡುವಾಗ ಕರೆಂಟ್ ಹೋಗುತ್ತದೆ, ಪಂಪು ನಿಲ್ಲುತ್ತದೆ. ಯಾವಾಗ ಬಂದೀತೋ ಎಂದು ಪಂಪಿನ ಕೋಣೆಯ ಮುಂದೆ ಕೂತವನಿಗೆ ಬೀಡಿ ಬಿಟ್ಟರೆ ಬೇರೆ ಗೆಳೆಯರಿಲ್ಲ.

"ಹಂಗಾದ್ರ ಕರೆಂಟ್ ಹ್ವಾದ ಕೂಡ್ಲೇ ಅಲ್ಲಿಂದ ಏಳ್ರಿ" ಎಂದರು ಡಾಕ್ಟರರು.

"ಎದ್ದು ಎಲ್ಲಿಗಿ ಹೋಗ್ಲಿ?"

"ಎಲ್ಲಿಗರ ಹೋಗ್ರಿ!"

ಎಲ್ಲಿಗಾದರೂ ಎಂದರೆ ಗಾಜಿಪುರ ಎಂದು ಅವನು ಅರ್ಥ ಮಾಡಿಕೊಂಡ. ಅಂದಿನಿಂದ ಕಮಲಾಪುರದಲ್ಲಿ ಕರೆಂಟ್ ಹೋದರೆ ಒಂದೂವರೆ ತಾಸಿನಲ್ಲಿ ಗಾಜಿಪುರಕ್ಕೆ ಗೊತ್ತಾಗುತ್ತಿತ್ತು. ಬಾಗಿಲಲ್ಲಿ ಅವನ ತಲೆಯ ಪಟಕಾ ರುಮಾಲು ಕಂಡ ಕೂಡಲೇ ಮಕ್ಬೂಲ್ "ಸಾಬ್, ಕರೆಂಟ್ ಹೋಗ್ಯದ" ಎಂದು ಕೂಗುತ್ತಿದ್ದ. ಅದುವರೆಗೆ ವಿದ್ಯುತ್ ಇಲಾಖೆಯನ್ನು ಬೈಯದ ಮುಕುಂದರಾಯರು ಆ ವರ್ಷ ಬೈಯುವುದನ್ನು ಕಲಿತರು.

ಡಾಕ್ಟರರಿಗೆ ಬಿಡುವಿಲ್ಲದಾಗ ದೇವಿಂದ್ರಪ್ಪನನ್ನು ಮಥುರಾಬಾಯಿ ವಹಿಸಿಕೊಳ್ಳುತ್ತಿದ್ದರು. ಪಡಸಾಲೆಯ ಕಂಬಕ್ಕೆ ಒರಗಿ ಅವನು ಕೂತರೆ, ಒಳಗಿನಿಂದಲೇ ಪ್ರಶ್ನೆ ಬರುತ್ತಿತ್ತು. ಅದು ಚಾತುರ್ಮಾಸ್ಯ ವ್ರತದ ನಾಲ್ಕನೆಯ ತಿಂಗಳು. ಮನೆಯಲ್ಲಿ ಬೇಳೆ ಬೇಯುವಂತಿಲ್ಲ.

"ತೊಗರಿ ಬೆಳೆಯೂ ಊರಾಗ ಕೂತು ಹದಿನೈದು ದಿನಾತು ಬ್ಯಾಳಿ ಬಿಟ್ಟೀನಿ. ನಿನಗ ಒಂದು ಬೀಡಿ ಬಿಡಲಾಕ ಆಗೂದಿಲ್ಲೇನೋ ದೇವಿಂದ್ರಪ್ಪ?"

"ಬಾಯಾರ, ಬ್ಯಾಳಿ ನಿಮ್ಮನ್ನ ಕಿಸೆದಾಗ ಕೂತು ಕರೀತದೇನ್ರೀ?"

ಮಥುರಾಬಾಯಿ ಸೋಲೊಪ್ಪಿಕೊಳ್ಳುವವರಲ್ಲ. ಮರುದಿನವೇ ಸಣ್ಣ ಬಟ್ಟೆ ಚೀಲ ಹೊಲಿದು, ಬಾಯಾಡಿಸಲು ಹುರಿದ ಬಡೇಸೋಪಿನ ಕಾಳು ತುಂಬಿ, "ತಗೋ, ಕಿಸೆದಾಗ ಇದು ಕೂತು ಕರೀಲಿ" ಎಂದು ಕೊಟ್ಟರು.

ತುಳಸಿ ಲಗ್ನ ಕಳೆದ ಮರುವಾರ ಅವನು ಮುಖ ಸಣ್ಣದು ಮಾಡಿಕೊಂಡು ಬಂದ. ತಂಗಿಯ ಮಗಳ ಮದುವೆಯಲ್ಲಿ ಮೂರು ಬೀಡಿ ಸೇದಿದೆ ಎಂದ. ಯಾರೂ ಕೇಳಿರಲಿಲ್ಲ.

"ಮೊದಲ ನನ್ನ ಮುಂದ ಸುಳ್ಳು ಹೇಳ್ತಿದ್ರಿ" ಎಂದರು ಡಾಕ್ಟರರು.

"ಆವಾಗ ನೀವು ಅಂಗಡಿಯವ್ರು, ನಾ ಗಿರಾಕಿ. ಈಗ ಗೊನಿ ನಿಮ್ಮದು. ನಿಮ್ಮ ಮಾಲಿಗಿ ನಾ ಹೆಂಗ ಸುಳ್ಳ ಹೇಳ್ಲಿ?"

ಮುಕುಂದರಾಯರು ಬೈಯಲಿಲ್ಲ. ಮೂರರ ನಂತರ ನಾಲ್ಕನೆಯದು ಯಾಕೆ ಸೇದಲಿಲ್ಲ ಎಂದು ಕೇಳಿದರು. ಅದನ್ನು ಯೋಚಿಸುತ್ತ ಅವನು ಹಿಗ್ಗಿಕೊಂಡೇ ಊರಿಗೆ ಹೋದ.

ಇದರಿಂದ ಗಾಜಿಪುರದಲ್ಲಿ ಕ್ರಾಂತಿಯೇನೂ ಆಗಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಕೆಂಪು ಸೂಜಿ ನಿಂತ ಮೇಲೆ ಮೂರರಲ್ಲೊಂದು ಪಾಲು ರೋಗಿಗಳು ಮುಂದಿನ ಗಲ್ಲಿಗೆ ಹೋದರು. ಮಕ್ಬೂಲ್‌ನ ನೀರು ಕುದಿಯುವ ಪಾತ್ರೆ ಅರ್ಧ ದಿನ ತಣ್ಣಗೆ ಕೂರುತ್ತಿತ್ತು. "ಸಾಬ್, ಒಂದು ಗೊನಿ ಬಾಳಿಹಣ್ಣಿನ ಸಲುವಾಗಿ ಇಷ್ಟು ನುಕ್ಸಾನಾ?" ಎಂದು ಅವನು ಕೇಳುತ್ತಿದ್ದ. ಮುಕುಂದರಾಯರಿಗೆ ಒಂದೇ ಹಟ. ಆ ಕಾಲು ಉಳಿಯಬೇಕು, ಅಷ್ಟೇ. ಅದು ಉಳಿಯದಿದ್ದರೆ ತಾನು ಇಷ್ಟು ವರ್ಷ ಮಾಡಿದ್ದು ಡಾಕ್ಟರಿಕೆಯೋ ದಾಸವಾಳದ ವ್ಯಾಪಾರವೋ ಎಂಬ ಅನುಮಾನ ಸಾಯುವ ತನಕ ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಮರುವರ್ಷ ದೇವಿಂದ್ರಪ್ಪನ ಭೇಟಿ ಕಡಿಮೆಯಾಗುತ್ತ ಬಂತು. ದಿನಕ್ಕೊಮ್ಮೆ ಇದ್ದದ್ದು ವಾರಕ್ಕೊಮ್ಮೆಯಾಯಿತು, ಆಮೇಲೆ ತಿಂಗಳಿಗೊಮ್ಮೆ. ೧೯೮೮ರ ಸಂಕ್ರಾಂತಿಯಿಂದ ಈಚೆಗಂತೂ ಮುಖವೇ ಇಲ್ಲ. ಮಕ್ಬೂಲ್ ಬಾಗಿಲ ಕಡೆ ನೋಡಿ, "ಕಮಲಾಪುರದಾಗ ಕರೆಂಟ್ ಸುಧಾರಿಸ್ಯದ ಕಾಣ್ತದ ಸಾಬ್" ಎಂದ. ಕರೆಂಟ್ ಸುಧಾರಿಸಿದ್ದನ್ನು ಆ ಭಾಗದಲ್ಲಿ ಯಾರೂ ಕೇಳಿರಲಿಲ್ಲ. ಬರದೇ ಇರುವುದಕ್ಕೆ ಎರಡೇ ಕಾರಣ ಇರಲು ಸಾಧ್ಯ. ಬೀಡಿ ಪೂರಾ ಬಿಟ್ಟಿರಬೇಕು, ಇಲ್ಲವೇ ಪೂರಾ ಹಿಡಿದಿರಬೇಕು.

"ಗೊನಿ ಬಲಿಯೂ ಹೊತ್ತಾತಲ್ಲ" ಎಂದರು ಮಥುರಾಬಾಯಿ. "ಅವ ತರೂದಿಲ್ಲ. ಆಯ ಮನಿಗೆ ತಂದು ಕೊಡೂ ಪದ್ಧತಿ ಇಲ್ಲ. ತಗೊಳ್ಳವರೇ ಹೊಲಕ್ಕ ಹೋಗಬೇಕು. ಹೋಗಿ ಬಾ."

ಮುಕುಂದರಾಯರು ಕಮಲಾಪುರದಲ್ಲಿ ಇಳಿದಾಗ ಮಧ್ಯಾಹ್ನ. ನಿಲ್ದಾಣದ ಪಕ್ಕದ ಹಿಟ್ಟಿನ ಗಿರಣಿ ಸದ್ದಿಲ್ಲದೆ ನಿಂತಿತ್ತು, ಮುಂದೆ ಹೆಂಗಸರು ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದರು. ಕರೆಂಟ್ ಇಲ್ಲ. ಕರೆಂಟ್ ಇಲ್ಲ, ಆದರೂ ಅವನು ಗಾಜಿಪುರಕ್ಕೆ ಬಂದಿಲ್ಲ. ಡಾಕ್ಟರರು ಬಿರಬಿರನೆ ತೋಟದ ದಾರಿ ಹಿಡಿದರು.

ಪಂಪಿನ ಕೋಣೆಯ ಮುಂದೆ ಯಾರೂ ಇರಲಿಲ್ಲ. ಕಟ್ಟೆಯ ಮೇಲೆ ಒಂದು ಕಡ್ಡಿಪೆಟ್ಟಿಗೆ, ಅದರ ಪಕ್ಕ ಸೇದಿ ಹೊಸಕಿದ ನಾಲ್ಕೈದು ಬೀಡಿ ತುಂಡು. ಒಂದು ಇನ್ನೂ ಬೆಚ್ಚಗಿತ್ತು. ಮುಕುಂದರಾಯರು ಅದನ್ನು ಕೈಯಲ್ಲಿ ಹಿಡಿದು ಅಲ್ಲೇ ಕಟ್ಟೆಯ ಮೇಲೆ ಕೂತರು. ಒಂದೂವರೆ ವರ್ಷ ಮಾತಾಡಿದ್ದೆಲ್ಲ ಪುಕ್ಕಟೆ ಮಾಲೇ ಆಯಿತಲ್ಲ ಎಂದುಕೊಂಡರು.

ಆಮೇಲೆ ಅವರ ಕಣ್ಣು ನೆಲಕ್ಕೆ ಬಿತ್ತು. ಕರೆಂಟ್ ಹೋಗುವ ಮುಂಚೆ ನೀರು ಹರಿದ ಕಾಲುವೆಯ ಕೆಸರು ಇನ್ನೂ ಹಸಿಯಿತ್ತು. ಅದರಲ್ಲಿ ಬರಿಗಾಲಿನ ಗುರುತುಗಳು ಮೂಡಿದ್ದವು. ಬಲಗಾಲಿಗೆ ಐದು ಬೆರಳು, ಎಡಗಾಲಿಗೆ ನಾಲ್ಕು. ಎರಡೂ ಸಮನಾಗಿ ಒತ್ತಿದ್ದವು. ಪಕ್ಕದಲ್ಲಿ ಕೋಲು ಊರಿದ ತೂತು ಎಲ್ಲಿಯೂ ಇರಲಿಲ್ಲ. ಡಾಕ್ಟರರು ಎದ್ದು, ಬಗ್ಗಿಕೊಂಡೇ, ಆ ಗುರುತುಗಳ ಹಿಂದೆ ನಡೆದರು. ಅವರು ನೂರು ಹೆಜ್ಜೆ ಎಣಿಸಿದರು, ಇನ್ನೂರು ಎಣಿಸಿದರು. ಗುರುತು ಎಲ್ಲಿಯೂ ನಿಂತು ಸುಧಾರಿಸಿಕೊಂಡಿರಲಿಲ್ಲ.

"ಏನು ಹುಡುಕ್ಲಾಕತ್ತೀರಿ ಸಾಹೇಬ್ರ?"

ದೇವಿಂದ್ರಪ್ಪ ಬಾಳೆಯ ಸಾಲಿನ ಕೊನೆಯಲ್ಲಿ ಕುಡುಗೋಲು ಹಿಡಿದು ನಿಂತಿದ್ದ. ಹಿಂದೆ ನಾಲ್ಕು ಮಂದಿ ಕೂತಿದ್ದರು. ನಾಲ್ವರ ದವಡೆಯೂ ಆಡುತ್ತಿತ್ತು, ನಡುವೆ ಮಥುರಾಬಾಯಿ ಹೊಲಿದ ಚೀಲ ಬಿಚ್ಚಿಕೊಂಡು ಬಿದ್ದಿತ್ತು. ಡಾಕ್ಟರರು ಕೈಯಲ್ಲಿದ್ದ ಬೀಡಿ ತುಂಡನ್ನು ತೋರಿಸಿದರು.

"ಅದು ಇವರದ್ರೀ" ಎಂದು ದೇವಿಂದ್ರಪ್ಪ ಹಿಂದಿನವರನ್ನು ತೋರಿಸಿದ. "ಬಾಜೂ ತೋಟದವ್ರು. ಕರೆಂಟ್ ಹ್ವಾದ್ರ ಇವರೂ ಮೊದಲ ನಾ ಕೂಡ್ತಿದ್ದಂಗ ಸೇದ್ಕೊಂತ ಕೂಡ್ತಾರ. ಕರಕೊಂಡು ಬಂದು ಇಲ್ಲಿ ಕೂಡಸ್ಕೊಂಡೀನಿ. ಕಲಬುರಗಿಗಿ ಬರಲಾಕ ಪುರಸೊತ್ತು ಎಲ್ಲದರೀ, ನಿಮ್ಮ ಕೆಲಸ ನಾನೇ ಮಾಡ್ಲಾಕತ್ತೀನಿ." ಹತ್ತಿರ ಬಂದು ಬಾಯಿ ತೆರೆದ. "ನಂಬಿಗಿ ಇಲ್ಲಂದ್ರ ಮೂಸಿ ನೋಡ್ರಿ."

ಮುಕುಂದರಾಯರು ನಿಜವಾಗಿಯೂ ಮೂಸಿದರು. ಬಡೇಸೋಪಿನ ವಾಸನೆ ಘಮ್ಮೆಂದು ಬಂತು. ಅವರ ಕಣ್ಣು ತುಂಬಿದ್ದನ್ನು ಕಂಡ ನಾಲ್ವರೂ ಮರ್ಯಾದೆಗೆ ಆಚೆ ನೋಡಿದರು.

ಡಾಕ್ಟರ್ ಗಿಡ ಆಳೆತ್ತರಕ್ಕಿಂತ ಮೇಲೆ ಬೆಳೆದಿತ್ತು. ಬಿಳಿ ಎಳೆ ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ದೇವಿಂದ್ರಪ್ಪ ಗೊನೆಗೆ ಕುಡುಗೋಲು ಹಾಕಿದ. ಕೆಂಪು ಗೊನೆಯನ್ನು ಎರಡು ಕೈಯಲ್ಲಿ ಎದೆಗೆ ಅವಚಿ, ಪಾದಗಳನ್ನು ಹಸಿ ಮಣ್ಣಿನಲ್ಲಿ ಜೋಡಿಸಿ, ಶಾಲೆಯ ಹುಡುಗನಂತೆ ನೆಟ್ಟಗೆ ನಿಂತ.

"ನೋಡ್ಕೋರಿ. ಎರಡೂ ಅವ" ಎಂದ. "ಈಗ ತಗೋರಿ."

ಮುಕುಂದರಾಯರು ತೆಗೆದುಕೊಂಡರು. ಭಾರಕ್ಕೆ ಅವರ ಕಾಲೇ ಒಂದು ಗೇಣು ಕೆಸರಲ್ಲಿ ಇಳಿಯಿತು. ಆಗ ಅವರಿಗೆ ಕಡಿದ ಗಿಡದ ಬುಡದಲ್ಲಿ ಎದ್ದ ಮರಿ ಕಂಡಿತು. ಅದರ ಕುತ್ತಿಗೆಗೂ ಒಂದು ಬಿಳಿ ಎಳೆ ಇತ್ತು. ಅದರಾಚೆಯ ಸಾಲಿನಲ್ಲಿ ಹೊಸದಾಗಿ ನೆಟ್ಟ ಸಸಿಗೊಂದು, ಅದರ ಪಕ್ಕದ್ದಕ್ಕೊಂದು, ಹೀಗೆ ಒಟ್ಟು ನಾಲ್ಕು ಎಳೆ ಕಂಡವು.

"ಇವೆಲ್ಲಾ ಯಾರದು?"

"ಮರಿ ನಾ ಕೊಡೂ ಮುಂದಿನ ಆಯ. ಆಯ ಅಂದ್ರ ಒಂದು ವರ್ಷಕ್ಕ ಬಿಡೂದಲ್ರೀ. ಆ ನಾಲ್ಕು ಇವರು ಕೊಡೂ ಆಯ" ಎಂದ ದೇವಿಂದ್ರಪ್ಪ. "ಇವತ್ತಿನಿಂದ ಇವರ ಕಾಲೂ ನಿಮ್ಮ ಜಿಮ್ಮೇದಾರಿ. ಕರೆಂಟ್ ಹ್ವಾದ್ರ ಒಂದೇ ಬಸ್ಸಿಗಿ ಬರ್ತಾರ."

ಮುಕುಂದರಾಯರು ಆ ನಾಲ್ವರನ್ನು ನೋಡಿದರು. ಗಾಜಿಪುರದ ಸರದಿಯನ್ನೂ ಮಕ್ಬೂಲ್‌ನ ಮುಖವನ್ನೂ ನೆನೆದು ಒಮ್ಮೆ ನಿಟ್ಟುಸಿರು ಬಿಟ್ಟರು. ಆಮೇಲೆ ಗೊನೆಯನ್ನು ಹೆಗಲಿಗೆ ಏರಿಸಿಕೊಂಡು, ಒಬ್ಬೊಬ್ಬರನ್ನೇ ಚಪ್ಪಲಿ ಬಿಚ್ಚಿ ಕಾಲು ತೋರಿಸಲು ಹೇಳಿದರು.